ಆ ಹುಡುಗ ಮನೆಗೆ ವಾಪಸ್ ಬರಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಸಿನಿಮಾ ಪುಟದಲ್ಲಿ ಬಂದ ಒಂದು ಸಣ್ಣ ಸುದ್ದಿ ನೋಡಿ ಈ ಪತ್ರ ಬರೆಯುತ್ತಿದ್ದೇನೆ. ಜರ್ಮನಿಯ ಲೇಖಕ ಮಿಖಾಯೆಲ್ ಎಂಡೆ ಅವರ ಮಕ್ಕಳ ಕಾದಂಬರಿ ‘ದಿ ನೆವರ್‌ಎಂಡಿಂಗ್ ಸ್ಟೋರಿ’ ಮತ್ತೆ ತೆರೆಗೆ ಬರುತ್ತಿದೆ ಅಂತ ಸುದ್ದಿ. 1979ರ ಪುಸ್ತಕ ಅದು. ಹೊಸ ಯೋಜನೆ 2024ರಲ್ಲಿ ಪ್ರಕಟವಾಯಿತು, ಈ ಸಲ ಒಂದೇ ಸಿನಿಮಾ ಅಲ್ಲ, ಸರಣಿ. ನೀವು ಹಾಕಿದ್ದು ಆರೇಳು ಸಾಲು ಮತ್ತು ಹಳೆಯ ಚಿತ್ರದ ಬಿಳಿ ಡ್ರ್ಯಾಗನ್ನಿನ ಫೋಟೊ. ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದೇನೆ. ಆದರೆ ಅವತ್ತಿನಿಂದ ಒಂದು ಮಾತು ಮನಸ್ಸಲ್ಲಿ ಕೊರೆಯುತ್ತಿದೆ. ಪತ್ರ ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಅರ್ಧಕ್ಕೆ ಕತ್ತರಿಸಬೇಡಿ. ನಾನು ಹೇಳಬೇಕೆಂದಿರುವುದೂ ಅದನ್ನೇ.

ನಾನಿರುವುದು ಕೊಡಗಿನ ಮಾದಾಪುರದ ಹತ್ತಿರ. ಶಾಲೆಯಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಶನಿವಾರ ಶಾಲೆ ಬಿಟ್ಟ ಮೇಲೆ ಒಂದಿಷ್ಟು ಮಕ್ಕಳು ನಮ್ಮ ಮನೆಯ ಹೊರಗಿನ ಕೋಣೆಗೆ ಬರುತ್ತಾರೆ. ಮೊದಲು ಅಲ್ಲಿ ಕಾಫಿ ಚೀಲ ಇಡುತ್ತಿದ್ದೆವು, ಮಳೆಗಾಲದಲ್ಲಿ ಬಾಗಿಲು ತೆಗೆದರೆ ಈಗಲೂ ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಸುಲಿದು ಒಣಗಿಸಿದ ಕಾಫಿಬೀಜದ ವಾಸನೆ ಬರುತ್ತದೆ. ಬರುವವರಲ್ಲಿ ತೋಟದ ಕೆಲಸಗಾರರ ಲೈನ್‌ಮನೆ ಮಕ್ಕಳಿದ್ದಾರೆ, ಊರಿನ ಮಕ್ಕಳಿದ್ದಾರೆ, 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ಮನೆ ಕಳೆದುಕೊಂಡು ಜಂಬೂರಿನ ಹೊಸ ಮನೆಗಳಿಗೆ ಬಂದವರ ಮಕ್ಕಳೂ ಇದ್ದಾರೆ. ಒಟ್ಟು ಹದಿನೈದು, ಕೆಲವೊಮ್ಮೆ ಇಪ್ಪತ್ತು ಜನ.

ಅವರಿಗೆ ಈ ಪುಸ್ತಕ ಓದಿ ಹೇಳುತ್ತೇನೆ. ನನ್ನ ಹತ್ತಿರ ಇರುವುದು ಇಂಗ್ಲಿಷ್ ಪ್ರತಿ. ಕಣ್ಣು ಇಂಗ್ಲಿಷ್ ಓದುತ್ತದೆ, ಬಾಯಿ ಕನ್ನಡ ಹೇಳುತ್ತದೆ. ಒಟ್ಟು 26 ಅಧ್ಯಾಯ. ಮೊದಲನೆಯದು ಎ ಅಕ್ಷರದಿಂದ ಶುರುವಾಗುತ್ತದೆ, ಕೊನೆಯದು ಝಡ್‌ನಿಂದ, ಲೇಖಕರು ಬೇಕೆಂದೇ ಹಾಗೆ ಬರೆದಿದ್ದಾರೆ. ನಾನು ಅ, ಆ, ಇ, ಈ ಅಂತ ಶುರು ಮಾಡುತ್ತೇನೆ. ಏಳನೇ ಅಧ್ಯಾಯಕ್ಕೆ ಋ ಬಂತು. ಎರಡು ದಿನ ಯೋಚನೆ ಮಾಡಿ ‘ಋತು ಬದಲಾದ ಹಾಗೆ’ ಅಂತ ಶುರು ಮಾಡಿದೆ. ವಾರಕ್ಕೊಂದು ಅಧ್ಯಾಯದ ಹಾಗೆ ಜೂನ್‌ನಲ್ಲಿ ಹಿಡಿದರೆ ನಮ್ಮ ಸುಗ್ಗಿ ಹಬ್ಬ ಪುತ್ತರಿ ಹೊತ್ತಿಗೆ ಮುಗಿಯುತ್ತದೆ. ಮಧ್ಯೆ ಜೋರು ಮಳೆ ಬಂದು ಒಂದೆರಡು ವಾರ ತಪ್ಪುವುದೂ ಉಂಟು.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಬಾಸ್ಟಿಯನ್ ಅಂತ ಒಬ್ಬ ಹುಡುಗ. ದಪ್ಪಗಿದ್ದಾನೆ, ಆಟ ಬರಲ್ಲ, ಶಾಲೆಯಲ್ಲಿ ಎಲ್ಲರೂ ರೇಗಿಸುತ್ತಾರೆ. ಅಮ್ಮ ತೀರಿಹೋಗಿದ್ದಾಳೆ. ಅಪ್ಪ ಹಲ್ಲಿನ ಸೆಟ್ ಮಾಡಿಕೊಡುವ ಕೆಲಸದವನು, ಹೆಂಡತಿ ಸತ್ತ ಮೇಲೆ ಮಾತೇ ಬಿಟ್ಟಿದ್ದಾನೆ, ಒಂದೇ ಮನೆಯಲ್ಲಿದ್ದರೂ ಅಪ್ಪ ಮಗನ ನಡುವೆ ಗೋಡೆ ಎದ್ದಂತೆ. ಒಂದು ಮಳೆಯ ದಿನ ಈ ಹುಡುಗ ಹಳೆ ಪುಸ್ತಕದ ಅಂಗಡಿಯಿಂದ ಒಂದು ಪುಸ್ತಕ ಕದ್ದು, ಶಾಲೆಯ ಅಟ್ಟ ಹತ್ತಿ, ಅಲ್ಲಿ ಕದ್ದು ಕೂತು ಓದುತ್ತಾನೆ. ಪುಸ್ತಕದೊಳಗಿನ ಲೋಕ ಚೂರುಚೂರಾಗಿ ಮಾಯವಾಗುತ್ತಿದೆ. ಅಲ್ಲಿಯ ಪುಟ್ಟ ರಾಣಿಗೆ ಕಾಯಿಲೆ, ಅವಳಿಗೊಂದು ಹೊಸ ಹೆಸರು ಬೇಕು, ಆ ಹೆಸರನ್ನು ನಮ್ಮ ಲೋಕದ ಮಗುವೇ ಇಡಬೇಕು. ಅಟ್ರೇಯು ಅನ್ನುವ ಹುಡುಗ ಅದಕ್ಕಾಗಿ ಊರೂರು ಅಲೆಯುತ್ತಾನೆ. ಕೊನೆಗೆ ಬಾಸ್ಟಿಯನ್ ಅಟ್ಟದಲ್ಲಿ ಕೂತಲ್ಲಿಂದಲೇ ಹೆಸರು ಕೂಗಿ, ಪುಸ್ತಕದೊಳಗೇ ಹೋಗಿಬಿಡುತ್ತಾನೆ.

ಮೂಲ ಪುಸ್ತಕದಲ್ಲಿ ಎರಡು ಬಣ್ಣದ ಶಾಯಿ. ಹುಡುಗನ ಲೋಕಕ್ಕೆ ಕೆಂಪು, ಕಥೆಯ ಲೋಕಕ್ಕೆ ಹಸಿರು. ನನ್ನ ಪ್ರತಿಯಲ್ಲಿ ಬಣ್ಣವಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದ್ದೇನೆ. ಅಟ್ಟದ ಭಾಗ ಬಂದಾಗ ಕುರ್ಚಿಯಲ್ಲಿ ಕೂತು ಓದುತ್ತೇನೆ, ಆ ಲೋಕದ ಭಾಗ ಬಂದಾಗ ಎದ್ದು ನಿಲ್ಲುತ್ತೇನೆ. ಮಕ್ಕಳಿಗೆ ಬೇರೆ ವಿವರಣೆಯೇ ಬೇಕಾಗಲಿಲ್ಲ.

ಈಗ ಸಿನಿಮಾ ವಿಷಯ. 1984ರಲ್ಲಿ ವೂಲ್ಫ್‌ಗ್ಯಾಂಗ್ ಪೀಟರ್ಸನ್ ಇದನ್ನು ಸಿನಿಮಾ ಮಾಡಿದರು. ಆ ಕಾಲಕ್ಕೆ ಜರ್ಮನಿಯಲ್ಲಿ ಅಷ್ಟು ದುಡ್ಡು ಸುರಿದು ತೆಗೆದ ಚಿತ್ರ ಬೇರೆ ಇರಲಿಲ್ಲ. ಕಂಪ್ಯೂಟರ್ ಗ್ರಾಫಿಕ್ಸ್ ಇನ್ನೂ ಕಣ್ಣು ಬಿಡುತ್ತಿದ್ದ ದಿನಗಳು, ಡ್ರ್ಯಾಗನ್ನನ್ನು ನಿಜವಾಗಿ ಕಟ್ಟಿ ನಿಲ್ಲಿಸಿದ್ದರು, 40 ಅಡಿಗೂ ಉದ್ದ. ಹೋದ ವರ್ಷ ಕಥೆ ಮುಗಿದ ಮೇಲೆ, ಪುತ್ತರಿ ಕಳೆದು ಬಂದ ಶನಿವಾರ, ನೆಂಟರ ಮನೆಯಿಂದ ಪ್ರೊಜೆಕ್ಟರ್ ತಂದು, ಗೋಡೆಗೆ ಬಿಳಿ ಪಂಚೆ ಕಟ್ಟಿ ಮಕ್ಕಳಿಗೆ ಆ ಚಿತ್ರ ತೋರಿಸಿದೆ.

ಡ್ರ್ಯಾಗನ್ ಬಂದಾಗ ಕೋಣೆಯೇ ಎದ್ದು ಕುಣಿಯಿತು. ಪುಸ್ತಕದಲ್ಲಿ ಅದಕ್ಕೆ ಸಿಂಹದಂಥ ತಲೆ, ಸಿನಿಮಾದಲ್ಲಿ ಸಾಕು ನಾಯಿಯ ಮುಖ. ಕಿವಿ ಹಿಂದೆ ಕೆರೆದರೆ ಕಣ್ಣು ಮುಚ್ಚುತ್ತದೆ. ನಮ್ಮಲ್ಲಿ ತೋಟಕ್ಕೆರಡು ನಾಯಿ ಇರುವುದರಿಂದ ಮಕ್ಕಳಿಗೆ ಅದು ಕೂಡಲೇ ತಮ್ಮದಾಯಿತು. ಈ ಬದಲಾವಣೆಗೆ ನನ್ನ ತಕರಾರೇನೂ ಇಲ್ಲ, ಚೆನ್ನಾಗಿದೆ. ಕೆಸರಿನಲ್ಲಿ ಕುದುರೆ ಮುಳುಗುವ ದೃಶ್ಯವೂ ಹಾಗೆ. ಪುಸ್ತಕದ ಕುದುರೆ ಮಾತಾಡುತ್ತದೆ, ನನ್ನ ಕೈಲಾಗಲ್ಲ, ನೀನು ಹೋಗು ಅಂತ ಅದೇ ಹೇಳುತ್ತದೆ. ಸಿನಿಮಾದ ಕುದುರೆಗೆ ಮಾತಿಲ್ಲ, ಹುಡುಗ ಲಗಾಮು ಎಳೆಯುತ್ತಾ ಕಿರುಚುತ್ತಾನೆ, ಅದು ಸುಮ್ನೆ ನಿಂತಲ್ಲೇ ಇಳಿದುಹೋಗುತ್ತದೆ. ಆಗ ಕೋಣೆಯಲ್ಲಿ ಉಸಿರಿನ ಸದ್ದೂ ಇರಲಿಲ್ಲ.

ಆದರೆ ಬಾಸ್ಟಿಯನ್ ತೆರೆಗೆ ಬಂದಾಗ ನನ್ನ ಪಕ್ಕ ಕೂತಿದ್ದ ಒಬ್ಬ ಹುಡುಗ ಮೆಲ್ಲಗೆ ಕೇಳಿದ, ‘ಟೀಚರ್, ಇವನೇನಾ?’ ಅವನು ಸ್ವಲ್ಪ ದಪ್ಪಗಿರುವ ಹುಡುಗ. ಆರು ತಿಂಗಳು ಬಾಸ್ಟಿಯನ್ ಅಂದರೆ ಅವನಿಗೆ ತನ್ನವನೇ ಆಗಿದ್ದ. ತೆರೆಯ ಮೇಲೆ ಬಂದದ್ದು ತೆಳ್ಳಗಿನ, ನೋಡಲು ಮುದ್ದಾದ ಹುಡುಗ. ಹೌದು ಇವನೇ ಅಂದೆ. ಆಮೇಲೆ ಅವನೇನೂ ಕೇಳಲಿಲ್ಲ. ಚಿತ್ರ ಮುಗಿಯುವವರೆಗೂ ಚಕ್ಕುಲಿ ತಟ್ಟೆ ಅವನ ಮುಂದೆ ಹಾಗೇ ಇತ್ತು.

ಇದು ಬರೀ ನೋಟದ ಪ್ರಶ್ನೆ ಅಲ್ಲ. ಕಥೆಯೇ ಅದರ ಮೇಲೆ ನಿಂತಿದೆ. ಆ ಲೋಕಕ್ಕೆ ಹೋದ ಬಾಸ್ಟಿಯನ್‌ಗೆ ರಾಣಿ ಒಂದು ಪದಕ ಕೊಡುತ್ತಾಳೆ. ಒಂದರ ಬಾಲ ಇನ್ನೊಂದು ಕಚ್ಚಿದ ಎರಡು ಹಾವು, ಹಿಂಬದಿಯಲ್ಲಿ ನಿನಗೆ ಬೇಕಾದ್ದು ಮಾಡು ಅನ್ನುವ ಅರ್ಥದ ಬರಹ. ಅವನು ಏನು ಬಯಸಿದರೂ ಆಗುತ್ತದೆ. ಮೊದಲಿಗೆ ಅವನು ಬಯಸುವುದೇ ತಾನು ಚೆಂದ ಆಗಬೇಕು ಅಂತ. ಆಗುತ್ತಾನೆ. ಆದರೆ ಪ್ರತಿ ಬಯಕೆಗೂ ಒಂದು ನೆನಪು ಹೋಗುತ್ತದೆ, ತಾನು ಒಂದು ಕಾಲಕ್ಕೆ ದಪ್ಪಗಿದ್ದೆ ಅನ್ನುವುದೇ ಅವನಿಗೆ ಮರೆತುಹೋಗುತ್ತದೆ. ಮೊದಲೇ ಮುದ್ದಾಗಿರುವ ಹುಡುಗನನ್ನು ತಂದು ನಿಲ್ಲಿಸಿದರೆ ಅವನು ಬಯಸುವುದೇನು, ಕಳೆದುಕೊಳ್ಳುವುದೇನು?

ಮತ್ತೆ ಆ ‘ನಥಿಂಗ್’. ಲೋಕವನ್ನು ನುಂಗುವ ಅದಕ್ಕೆ ನಾನು ಮೊದಲು ಶೂನ್ಯ ಅಂದೆ. ಮಕ್ಕಳಿಗೆ ಗಣಿತದ ಸೊನ್ನೆ ನೆನಪಾಯಿತು, ಹೆದರಿಕೆ ಆಗಲಿಲ್ಲ. ಪುಸ್ತಕದಲ್ಲಿ ಅದು ಕತ್ತಲೆಯಲ್ಲ, ಗುಂಡಿಯಲ್ಲ, ಬಯಲೂ ಅಲ್ಲ. ಆ ಕಡೆ ನೋಡಿದರೆ ನೋಡಿದವನಿಗೆ ತನ್ನ ಕಣ್ಣೇ ಹೋಯಿತೇನೋ ಅನ್ನಿಸುತ್ತದೆ, ಅಷ್ಟೇ. ಗಾಳಿಯಿಲ್ಲ, ಸದ್ದಿಲ್ಲ. ಇದನ್ನು ಹೇಗೆ ಹೇಳುವುದು ಅಂತ ನಾನು ತಡಕಾಡುತ್ತಿದ್ದಾಗ ಜಂಬೂರಿನ ಒಬ್ಬಳು ಹುಡುಗಿ ಅಂದಳು, ‘ನಮ್ಮ ಹಳೆ ಮನೆ ಹತ್ತಿರ ಇದ್ದ ಹಾಗೆ, ಅಲ್ವಾ ಟೀಚರ್?’

ಅವಳದು ಹಟ್ಟಿಹೊಳೆ ಕಡೆ. 2018ರಲ್ಲಿ ಐದು ವರ್ಷದವಳು. ಮಳೆ ನಿಂತು ದಾರಿ ಬಿಟ್ಟ ಮೇಲೆ ಅವಳನ್ನು ಎತ್ತಿಕೊಂಡು ಮನೆಯವರು ನೋಡಲು ಹೋಗಿದ್ದರಂತೆ. ಅವಳ ಅಜ್ಜಿ ನಿಂತು ಕೈ ತೋರಿಸುತ್ತಿದ್ದರು, ಅಲ್ಲಿ ಕೊಟ್ಟಿಗೆ, ಅಲ್ಲಿ ಕಣ, ಅಲ್ಲಿ ಏಲಕ್ಕಿ ಗಿಡ ಅಂತ. ಆ ಕೈ ತೋರಿಸುತ್ತಿದ್ದದ್ದು ನೆಲವನ್ನಲ್ಲ, ಗಾಳಿಯನ್ನು. ಯಾಕೆಂದರೆ ಗುಡ್ಡವೇ ಇರಲಿಲ್ಲ, ನೆಲ ಇಪ್ಪತ್ತು ಮೂವತ್ತು ಅಡಿ ಕೆಳಗೆ ಹೋಗಿತ್ತು. ಅಲ್ಲಿ ಏನಿತ್ತು ಅಂತ ಉಳಿದ ಮಕ್ಕಳು ಕೇಳಿದರು. ಅವಳು ಸ್ವಲ್ಪ ಯೋಚಿಸಿ, ‘ಏನೂ ಇಲ್ಲ ಇತ್ತು’ ಅಂದಳು. ಅವತ್ತಿನಿಂದ ನಮ್ಮ ಕೋಣೆಯಲ್ಲಿ ಅದರ ಹೆಸರು ‘ಏನೂಇಲ್ಲ’. ಅದು ಬರುತ್ತಿದೆ ಅಂದರೆ ಸಾಕು, ಚಿಕ್ಕ ಮಕ್ಕಳು ದೊಡ್ಡವರ ಪಕ್ಕಕ್ಕೆ ಸರಿಯುತ್ತಾರೆ.

ಸಿನಿಮಾದಲ್ಲಿ ಅದು ಬಿರುಗಾಳಿ. ಕಪ್ಪು ಮೋಡ, ಗುಡುಗು, ಮರ ಕಿತ್ತು ಹಾರುವುದು. ಮಕ್ಕಳು ನೋಡಿದರು, ಪರವಾಗಿಲ್ಲ ಅಂದರು. ಆ ಹುಡುಗಿ ಮಾತ್ರ, ‘ಇದು ಗಾಳಿ ಟೀಚರ್, ಅದಲ್ಲ’ ಅಂದಳು. ಹೊಸದಾಗಿ ಚಿತ್ರ ಮಾಡುವವರ ಹತ್ತಿರ ಈಗ ಎಲ್ಲ ಸಲಕರಣೆ ಇದೆ. ಇನ್ನೂ ದೊಡ್ಡ ಬಿರುಗಾಳಿ, ಇನ್ನೂ ಜೋರು ಸದ್ದು ಮಾಡುವುದು ಅವರಿಗೆ ಸುಲಭ. ಹಾಗೆ ಮಾಡದಿರಲಿ ಅಂತ ನನ್ನ ಆಸೆ. ಸದ್ದೇ ಇಲ್ಲದೆ, ಒಂದು ಹಳ್ಳಿಯ ಮೂಲೆ ಸುಮ್ನೆ ಇಲ್ಲವಾಗಲಿ. ಮಗು ಅದನ್ನು ನೋಡಿದರೆ ಯಾವತ್ತೂ ಮರೆಯುವುದಿಲ್ಲ.

ಇಷ್ಟಾದರೂ ಇವೆಲ್ಲ ಸಣ್ಣ ಮಾತು. ದೊಡ್ಡ ಮಾತು ಸಿನಿಮಾ ಮುಗಿದಾಗ ಬಂತು. ಬಾಸ್ಟಿಯನ್ ಡ್ರ್ಯಾಗನ್ ಮೇಲೆ ಕೂತು ಹಾರುತ್ತಾನೆ, ತನ್ನ ಊರಿಗೆ ಬಂದು ರೇಗಿಸುತ್ತಿದ್ದ ಹುಡುಗರನ್ನು ಬೀದಿಯಲ್ಲಿ ಅಟ್ಟಾಡಿಸುತ್ತಾನೆ, ಆಮೇಲೆ ಏನೇನೋ ಆಯಿತು ಅಂತ ಒಂದು ದನಿ ಎರಡು ಮಾತಿನಲ್ಲಿ ಹೇಳುತ್ತದೆ, ಹಾಡು ಬರುತ್ತದೆ, ಮುಗಿಯಿತು. ದೀಪ ಹಾಕಿದೆ. ಯಾರೂ ಏಳಲಿಲ್ಲ. ಒಬ್ಬ ಕೇಳಿದ, ‘ಇನ್ನರ್ಧ ಎಲ್ಲಿ? ಅವನಪ್ಪ ಕಾಯ್ತಾ ಇದ್ದಾರಲ್ವಾ?’

ನಿಜ. 26 ಅಧ್ಯಾಯದ ಪುಸ್ತಕದಲ್ಲಿ ಆ ಸಿನಿಮಾ ತೆಗೆದುಕೊಂಡಿರುವುದು ಹೆಚ್ಚುಕಡಿಮೆ ಮೊದಲ 12 ಅಧ್ಯಾಯ. ಉಳಿದ 14 ಅಧ್ಯಾಯದಲ್ಲಿ ಏನಿದೆ ಗೊತ್ತಾ? ಹುಡುಗ ದಾರಿ ತಪ್ಪುತ್ತಾನೆ. ಚೆಂದ ಆದ ಮೇಲೆ ಬಲ ಬೇಕು, ಬಲ ಬಂದ ಮೇಲೆ ಹೆಸರು ಬೇಕು, ಹೆಸರು ಬಂದ ಮೇಲೆ ಎಲ್ಲರೂ ತನಗೆ ಹೆದರಬೇಕು. ಒಂದೊಂದು ಆಸೆಗೂ ಒಂದೊಂದು ನೆನಪು ಜಾರುತ್ತಾ ಹೋಗುತ್ತದೆ, ಅವನಿಗೆ ಗೊತ್ತೇ ಆಗುವುದಿಲ್ಲ. ರೇಗಿಸುತ್ತಿದ್ದ ಹುಡುಗರು ಮರೆತುಹೋಗುತ್ತಾರೆ, ಶಾಲೆ ಮರೆತುಹೋಗುತ್ತದೆ. ಎಚ್ಚರಿಸಲು ಬಂದ ಗೆಳೆಯ ಅಟ್ರೇಯುವನ್ನೇ ಓಡಿಸುತ್ತಾನೆ, ತಾನೇ ಚಕ್ರವರ್ತಿ ಆಗಲು ಹೊರಡುತ್ತಾನೆ, ಕೊನೆಗೆ ಆ ಗೆಳೆಯನ ಎದೆಗೇ ಕತ್ತಿ ಬೀಸುತ್ತಾನೆ.

ಆ ಅಧ್ಯಾಯ ಓದಿದ ದಿನ ಒಬ್ಬ ಹುಡುಗ ಸಿಟ್ಟಿನಿಂದ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. ಮಳೆಯಲ್ಲಿ ಕೊಡೆ ಕೂಡ ತೆಗೆದುಕೊಳ್ಳಲಿಲ್ಲ. ನನಗೆ ಆ ವಾರವಿಡೀ ಬೇಜಾರು, ಕಥೆ ಅವನಿಗೆ ಜಾಸ್ತಿ ಆಯಿತೇನೋ ಅಂತ. ಮುಂದಿನ ಶನಿವಾರ ನಾನು ಬಾಗಿಲು ತೆಗೆಯುವ ಮೊದಲೇ ಅವನು ಜಗಲಿಯಲ್ಲಿ ಕೂತಿದ್ದ.

ಆಮೇಲೆ ಒಂದು ಊರು ಬರುತ್ತದೆ. ಬಾಸ್ಟಿಯನ್‌ನ ಹಾಗೆ ನಮ್ಮ ಲೋಕದಿಂದ ಬಂದು, ಆಸೆಪಟ್ಟು ಆಸೆಪಟ್ಟು ಎಲ್ಲ ನೆನಪನ್ನೂ ಕಳೆದುಕೊಂಡವರು ಸೇರುವ ಊರು. ಅವರಿಗೆ ವಾಪಸ್ ಹೋಗಲು ಆಗುವುದಿಲ್ಲ, ಹೋಗಬೇಕು ಅಂತಲೂ ನೆನಪಿಲ್ಲ. ಅಲ್ಲಿಂದ ಅವನು ನಡೆದು ನಡೆದು ಒಂದು ಗಣಿಗೆ ಬರುತ್ತಾನೆ. ಜನ ಕಂಡು ಮರೆತ ಕನಸುಗಳು ತೆಳ್ಳಗಿನ ಚಿತ್ರಗಳಾಗಿ ಅಲ್ಲಿ ನೆಲದೊಳಗೆ ಹೂತಿವೆ. ಕತ್ತಲಲ್ಲಿ, ಮೌನವಾಗಿ, ದಿನಗಟ್ಟಲೆ ಅಗೆದ ಮೇಲೆ ಅವನ ಕೈಗೆ ಒಂದು ಚಿತ್ರ ಸಿಗುತ್ತದೆ. ಬಿಳಿ ಕೋಟು ಹಾಕಿದ ಒಬ್ಬ ಮನುಷ್ಯ, ಕೈಯಲ್ಲಿ ಹಲ್ಲಿನ ಅಚ್ಚು, ಸುತ್ತ ಮಂಜುಗಡ್ಡೆ. ಆ ಮನುಷ್ಯ ಯಾರು ಅಂತ ಬಾಸ್ಟಿಯನ್‌ಗೆ ಗೊತ್ತಿಲ್ಲ. ನಮ್ಮ ಕೋಣೆಯ ಮಕ್ಕಳಿಗೆ ಗೊತ್ತಿತ್ತು. ‘ನಿನ್ನಪ್ಪ ಕಣೋ!’ ಅಂತ ಒಬ್ಬಳು ಪುಸ್ತಕಕ್ಕೇ ಕೂಗಿ ಹೇಳಿದಳು. ಕಥೆಯೊಳಗಿನ ರಾಣಿಗೆ ಹೊರಗಿನ ಹುಡುಗ ಕೂಗಿ ಹೆಸರಿಟ್ಟ ಹಾಗೇ ಇತ್ತು ಅದು.

ಕೊನೆಗೆ ಅವನು ಜೀವಜಲದ ಚಿಲುಮೆಗೆ ಬರುತ್ತಾನೆ. ಅಪ್ಪನಿಗೆ ಅಂತ ಬೊಗಸೆಯಲ್ಲಿ ನೀರು ಹಿಡಿದು ಓಡುತ್ತಾನೆ. ಬೊಗಸೆ ನೀರು ಎಷ್ಟು ದೂರ ನಿಲ್ಲುತ್ತದೆ? ಅಟ್ಟದಲ್ಲಿ ಬಂದು ಬೀಳುವಾಗ ಕೈ ಖಾಲಿ. ಮನೆಗೆ ಹೋದರೆ ಅಪ್ಪ ರಾತ್ರಿಯಿಡೀ ಹುಡುಕಿ ಸುಸ್ತಾಗಿದ್ದಾನೆ. ಮಗ ಎಲ್ಲ ಕಥೆಯನ್ನೂ ಅಪ್ಪನಿಗೆ ಹೇಳುತ್ತಾನೆ. ಅಲ್ಲಿಗೆ ಬಂದಾಗ ಒಬ್ಬ ಕೇಳಿದ, ನೀರು ಚೆಲ್ಲಿಹೋಯಿತಲ್ಲ ಟೀಚರ್, ಅಪ್ಪನಿಗೆ ಸಿಗಲೇ ಇಲ್ವಾ ಅಂತ. ನಾನು ಬಾಯಿ ತೆಗೆಯುವ ಮೊದಲೇ ಇನ್ನೊಬ್ಬ, ‘ಅಪ್ಪನ ಕಣ್ಣಲ್ಲಿ ಬಂತಲ್ಲ’ ಅಂದ. ಪುಸ್ತಕದಲ್ಲೂ ಹಾಗೇ ಇದೆ. ಅಪ್ಪನ ಕಣ್ಣೀರು ನೋಡಿ ಬಾಸ್ಟಿಯನ್‌ಗೆ ತಿಳಿಯುತ್ತದೆ, ನೀರು ತಲುಪಿತು ಅಂತ. ಮುಂದಿನ ಸಾಲು ಓದಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಇದಿಲ್ಲದೆ ಆ ಕಥೆಯನ್ನು ಹೇಗೆ ನಿಲ್ಲಿಸುತ್ತೀರಿ? ಹಾರಿಹೋದವನು ಇಳಿಯಲೇ ಇಲ್ಲ ಅಂದರೆ ಹಾರಿದ್ದಕ್ಕೆ ಏನರ್ಥ? ಲೇಖಕ ಎಂಡೆ ಅವರೇ ಆ ಚಿತ್ರ ನೋಡಿ ಸಿಟ್ಟಾಗಿದ್ದರು. ತನ್ನ ಹೆಸರು ತೆಗೆಯಿರಿ ಅಂದರು, ಕೋರ್ಟಿಗೂ ಹೋದರು, ಸೋತರು. 1990ರಲ್ಲಿ ಎರಡನೇ ಚಿತ್ರ ಬಂತು. ಆಸೆಗೊಂದು ನೆನಪು ಹೋಗುವ ವಿಷಯ ಅದರಲ್ಲಿದೆ. ಆದರೆ ಅಲ್ಲಿ ನೆನಪು ಕದಿಯುವುದು ಒಬ್ಬ ದುಷ್ಟ ಮಾಟಗಾತಿಯ ಯಂತ್ರ. ಪುಸ್ತಕದಲ್ಲಿ ಯಾವ ಯಂತ್ರವೂ ಇಲ್ಲ. ಕೊರಳಲ್ಲಿರುವ ಪದಕವೇ ಆಸೆ ಈಡೇರಿಸುತ್ತದೆ, ಅದೇ ನೆನಪನ್ನೂ ತೆಗೆದುಕೊಳ್ಳುತ್ತದೆ, ಕೇಳಿದ್ದು ಹುಡುಗನೇ. ಬೇಕಾದ್ದು ಮಾಡು ಅಂದರೆ ಮನಸ್ಸಿಗೆ ಬಂದದ್ದೆಲ್ಲ ಮಾಡುವುದಲ್ಲ, ನಿನಗೆ ನಿಜವಾಗಿ ಬೇಕಾದ್ದು ಏನು ಅಂತ ಹುಡುಕುವುದು, ಅದಕ್ಕಿಂತ ಕಷ್ಟದ ದಾರಿ ಇನ್ನೊಂದಿಲ್ಲ ಅಂತ ಒಂದು ಸಿಂಹ ಅವನಿಗೆ ಹೇಳುತ್ತದೆ. ತಪ್ಪನ್ನು ಮಾಟಗಾತಿಯ ತಲೆಗೆ ಕಟ್ಟಿದ ಕೂಡಲೇ ಆ ಹುಡುಗ ಬರೀ ಪಾಪದ ಹುಡುಗ ಆಗಿಬಿಡುತ್ತಾನೆ. ತಿದ್ದಿಕೊಳ್ಳಲು ಅವನಿಗೆ ಏನೂ ಉಳಿಯುವುದಿಲ್ಲ.

ಮಕ್ಕಳ ದೊಡ್ಡ ಕಥೆಗಳನ್ನು ತೆರೆಗೆ ತರುವಾಗ ಹೀಗೆ ಆಗುವುದು ಇದೇ ಮೊದಲಲ್ಲ. 1900ರಲ್ಲಿ ಬಂದ ಆಝ್ ದೇಶದ ಕಥೆಯನ್ನು ತೆಗೆದುಕೊಳ್ಳಿ. 1939ರಲ್ಲಿ ಅದು ಸಿನಿಮಾ ಆಯಿತು, ಈಗಲೂ ಜಗತ್ತೇ ಅದನ್ನು ನೋಡುತ್ತದೆ. ಪುಸ್ತಕದಲ್ಲಿ ಕಥೆಯ ಹುಡುಗಿ ಡೊರೊತಿಯ ಬೂಟು ಬೆಳ್ಳಿಯದು. ಬಣ್ಣದ ಸಿನಿಮಾ ಹೊಸದಾಗಿತ್ತು, ಬಣ್ಣ ಎದ್ದು ಕಾಣಲಿ ಅಂತ ಕೆಂಪು ಮಾಡಿದರು. ಮಾಡಲಿ, ಒಳ್ಳೆಯದೇ ಆಯಿತು. ಆದರೆ ಅವಳು ಹೋಗಿ ಬಂದದ್ದೆಲ್ಲ ಕನಸು ಅಂತ ಮಾಡಿದರಲ್ಲ, ಅದು ನನಗೆ ಒಪ್ಪಿಗೆ ಇಲ್ಲ. ಪುಸ್ತಕದಲ್ಲಿ ಸುಂಟರಗಾಳಿ ಅವಳ ಮನೆಯನ್ನು ನಿಜವಾಗಿಯೇ ಹೊತ್ತುಕೊಂಡು ಹೋಗಿತ್ತು. ಅವಳು ವಾಪಸ್ ಬಂದಾಗ ಕಾಣುವುದು ಹಳೆ ಮನೆಯಲ್ಲ, ಹಳೆ ಮನೆ ಹೋದ ಮೇಲೆ ಅವರು ಕಟ್ಟಿಕೊಂಡ ಹೊಸ ಮನೆ. ಜಂಬೂರಿನ ಮಕ್ಕಳಿಗೆ ಈ ಎರಡರಲ್ಲಿ ಯಾವ ಕಥೆ ತಮ್ಮದು ಅನ್ನಿಸುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ನಮ್ಮ ಕನ್ನಡದಲ್ಲೇ ಇದನ್ನು ಸರಿಯಾಗಿ ಮಾಡಿದವರಿದ್ದಾರೆ. 1985ರ ‘ಬೆಟ್ಟದ ಹೂವು’ ಶರ್ಲಿ ಅರೋರಾ ಅವರ ಇಂಗ್ಲಿಷ್ ಮಕ್ಕಳ ಕಾದಂಬರಿಯಿಂದ ಬಂದದ್ದು. ಅದು ಮಾಯಾಲೋಕದ ಕಥೆ ಅಲ್ಲ, ನಿಜ. ಆದರೆ ನೋಡಿ, ನಿರ್ದೇಶಕ ಎನ್. ಲಕ್ಷ್ಮೀನಾರಾಯಣ್ ಅದನ್ನು ಪೂರ್ತಿ ನಮ್ಮ ಮಣ್ಣಿಗೆ ತಂದರು, ಹುಡುಗ ಆಸೆಪಡುವ ಪುಸ್ತಕ ಕುವೆಂಪು ಅವರ ರಾಮಾಯಣ ಆಯಿತು. ಅಷ್ಟೆಲ್ಲ ಬದಲಾಯಿಸಿದರೂ ಒಂದನ್ನು ಮುಟ್ಟಲಿಲ್ಲ. ಬೆಟ್ಟದಲ್ಲಿ ಹೂವು ಹುಡುಕಿ ಕೂಡಿಟ್ಟ ದುಡ್ಡಿನಲ್ಲಿ ಹುಡುಗ ಕೊನೆಗೆ ಪುಸ್ತಕ ಕೊಳ್ಳುವುದಿಲ್ಲ, ಮನೆಯವರ ಚಳಿಗೆ ಕಂಬಳಿ ತರುತ್ತಾನೆ. ಪುನೀತ್ ಆಗ ಚಿಕ್ಕ ಹುಡುಗ, ರಾಷ್ಟ್ರಪ್ರಶಸ್ತಿ ಬಂತು. ಮಕ್ಕಳ ಸಿನಿಮಾ ಅಲ್ವಾ, ಪಾಪ, ಪುಸ್ತಕವೂ ಸಿಗಲಿ ಅಂತ ಯಾರಾದರೂ ಕೊನೆ ಬದಲಾಯಿಸಿದ್ದರೆ ನಾವು ಇವತ್ತು ಆ ಚಿತ್ರವನ್ನು ನೆನಪಿಟ್ಟುಕೊಳ್ಳುತ್ತಿದ್ದೆವಾ?

ಮಕ್ಕಳಿಗೆ ಅಷ್ಟೆಲ್ಲ ಅರಗುವುದಿಲ್ಲ, ಬೇಜಾರಾಗುತ್ತದೆ, ಹೆದರುತ್ತಾರೆ ಅನ್ನುವವರಿಗೆ ಮಡಿಕೇರಿ ದಸರಾ ತೋರಿಸಬೇಕು. ವಿಜಯದಶಮಿ ರಾತ್ರಿ ಹತ್ತು ಮಂಟಪ ಹೊರಡುತ್ತವೆ, ಒಂದೊಂದರಲ್ಲೂ ಒಂದೊಂದು ಪುರಾಣ ಕಥೆ, ಆಳೆತ್ತರವನ್ನೂ ಮೀರಿದ ಗೊಂಬೆಗಳು ಕೈಕಾಲು ಆಡಿಸುತ್ತವೆ, ಹೊಗೆ, ಬೆಳಕು, ಸದ್ದು. ಮಧ್ಯರಾತ್ರಿ ಕಳೆದು ಚಳಿ ಕೊರೆಯುವಾಗಲೂ ಅಪ್ಪನ ಹೆಗಲ ಮೇಲೆ ಕೂತ ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಿರುತ್ತಾರೆ. ರಾಕ್ಷಸ ಬಂದು ಎಲ್ಲರನ್ನೂ ಹಿಂಸಿಸುವ ಭಾಗ ಬಿಟ್ಟು ಬರೀ ಬೆಳಕಿನಾಟ ತೋರಿಸಿದರೆ ಆ ಮಕ್ಕಳು ಒಪ್ಪುತ್ತಾರಾ? ಕೆಟ್ಟದ್ದು ಬರಬೇಕು, ಅದು ಮುಗಿಯುವುದನ್ನೂ ಕಣ್ಣಾರೆ ನೋಡಬೇಕು. ನೋಡಿದ ಮೇಲೇ ಮನೆಗೆ ಹೋಗಿ ಮಲಗುವುದು.

ಎರಡು ಗಂಟೆಯ ಸಿನಿಮಾದಲ್ಲಿ 26 ಅಧ್ಯಾಯ ಹಿಡಿಸುವುದಿಲ್ಲ, ಅದೂ ನಿಜ. 1984ರಲ್ಲಿ ಆ ಮಾತು ಒಪ್ಪಬಹುದಿತ್ತು. ಈಗ ಸರಣಿ ಅಂತಿದ್ದಾರಲ್ಲ, ಜಾಗ ಇದೆ. ನನ್ನ ಭಯ ಬೇರೆ. ಮೊದಲ ಚಿತ್ರದಲ್ಲಿ ಹಾರಾಟ ಎಲ್ಲ ಮುಗಿಸಿ, ಅದು ಓಡಿದರೆ ಮಾತ್ರ ಮುಂದಿನದು ಅಂತ ಇಟ್ಟುಬಿಟ್ಟರೆ? ಓಡದಿದ್ದರೆ ಆ ಹುಡುಗ ಮತ್ತೆ ನಲವತ್ತು ವರ್ಷ ಆ ಲೋಕದಲ್ಲೇ ಉಳಿಯುತ್ತಾನೆ. ಮಾಡುವವರು ಮೊದಲೇ ಎರಡೂ ಅರ್ಧವನ್ನು ಬರೆದು, ಎರಡಕ್ಕೂ ದುಡ್ಡು ಎತ್ತಿಟ್ಟು, ಆಮೇಲೆ ಕ್ಯಾಮೆರಾ ಎತ್ತಲಿ.

ಇನ್ನೊಂದು ಮಾತು ನಮ್ಮವರಿಗೆ. ಆ ಚಿತ್ರ ಬಂದಾಗ ಕನ್ನಡದಲ್ಲಿ ಬರಲಿ. ನಮ್ಮಲ್ಲಿ ದಶಕಗಟ್ಟಲೆ ಡಬ್ಬಿಂಗ್‌ಗೆ ವಿರೋಧ ಇತ್ತು, 2015ರಲ್ಲಿ ವ್ಯಾಪಾರದ ಪೈಪೋಟಿ ನೋಡಿಕೊಳ್ಳುವ ಸ್ಪರ್ಧಾ ಆಯೋಗದ ತೀರ್ಪು ಬಂದ ಮೇಲೆ ಮೆಲ್ಲಮೆಲ್ಲಗೆ ಬಾಗಿಲು ತೆರೆಯಿತು. ದೊಡ್ಡವರ ಸಿನಿಮಾ ಬಗ್ಗೆ ಯಾರು ಏನೇ ವಾದ ಮಾಡಲಿ, ಎಂಟು ವರ್ಷದ ಮಗು ತೆರೆಯ ಕೆಳಗೆ ಓಡುವ ಅಕ್ಷರ ಓದುತ್ತಾ ಸಿನಿಮಾ ನೋಡಲಾರದು. ನಾನು ಪ್ರೊಜೆಕ್ಟರ್ ಪಕ್ಕ ನಿಂತು ಎರಡು ಗಂಟೆ ಗಂಟಲು ಹರಿಯುವಂತೆ ಕನ್ನಡ ಹೇಳಿದ್ದೇನೆ, ಅದರ ಕಷ್ಟ ಗೊತ್ತು. ಡಬ್ ಮಾಡುವವರು ಹೆಸರುಗಳ ಬಗ್ಗೆ ಒಂದಿಷ್ಟು ಶ್ರಮಪಡಲಿ. ನಾ. ಕಸ್ತೂರಿಯವರು ಆಲಿಸ್‌ಳ ಕಥೆಯನ್ನು ಕನ್ನಡಕ್ಕೆ ತರುವಾಗ ಅವಳನ್ನು ಪಾಪಚ್ಚಿ ಮಾಡಿದರು, ‘ಪಾತಾಳದಲ್ಲಿ ಪಾಪಚ್ಚಿ’. ಆ ಹೆಸರು ಕೇಳಿದರೆ ಸಾಕು, ಹುಡುಗಿ ನಮ್ಮ ಪಕ್ಕದ ಮನೆಯಿಂದ ಬಿಲಕ್ಕೆ ಬಿದ್ದಳು ಅನ್ನಿಸುತ್ತದೆ. ಈ ಕಥೆಯಲ್ಲಂತೂ ಹೆಸರಿಡುವುದೇ ಇಡೀ ಲೋಕವನ್ನು ಉಳಿಸುವ ಕೆಲಸ. ಹಳೆ ಸಿನಿಮಾದಲ್ಲಿ ಹುಡುಗ ಹೆಸರು ಕೂಗುವಾಗ ಗಾಳಿ ಮಳೆಯ ಸದ್ದಿಗೆ ಅದು ಸರಿಯಾಗಿ ಕೇಳುವುದೇ ಇಲ್ಲ. ಮಕ್ಕಳು ಮೂರು ಸಲ ಹಿಂದಕ್ಕೆ ಹೋಗಿಸಿ ಕೇಳಿಸಿಕೊಂಡರು.

ಈ ವರ್ಷ ಹೊಸ ಮಕ್ಕಳು ಸೇರಿದ್ದಾರೆ, ಜೂನ್‌ನಿಂದ ಮತ್ತೆ ಮೊದಲಿಂದ ಓದುತ್ತಿದ್ದೇವೆ. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಮುಗಿದು ಬಂದ ಶನಿವಾರ ಹನ್ನೆರಡನೇ ಅಧ್ಯಾಯ ಇತ್ತು. ಹೆಸರು ಕೂಗುವ ಜಾಗಕ್ಕೆ ಬಂದು ಪುಸ್ತಕ ಮುಚ್ಚಿದೆ. ಚೀಟಿ ಹಂಚಿ, ರಾಣಿಗೆ ನೀವೇ ಹೆಸರಿಡಿ ಅಂದೆ. ಆರು ಚೀಟಿಯಲ್ಲಿ ಕಾವೇರಿ ಅಂತಿತ್ತು, ನಮ್ಮೂರಲ್ಲಿ ಅದು ಸಹಜ. ಒಬ್ಬ ತನ್ನ ತಂಗಿಯ ಹೆಸರು ಬರೆದಿದ್ದ. ಅಸ್ಸಾಂನಿಂದ ತೋಟದ ಕೆಲಸಕ್ಕೆ ಬಂದವರ ಮಗಳೊಬ್ಬಳಿದ್ದಾಳೆ, ಬಂದು ಒಂದು ವರ್ಷ ಆಗಿಲ್ಲ, ಕನ್ನಡ ಇನ್ನೂ ಕೂಡಿಸಿ ಕೂಡಿಸಿ ಮಾತಾಡುತ್ತಾಳೆ. ಅವಳು ಬರೆಯಲಿಲ್ಲ, ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು, ‘ಜೋನಾಕಿ’. ಹಾಗಂದರೇನು ಅಂದೆ. ಕೈಯನ್ನು ಮುಚ್ಚಿ ತೆರೆದು ಮುಚ್ಚಿ ತೆರೆದು ತೋರಿಸಿದಳು. ಮಿಂಚುಹುಳ. ಮಳೆಗಾಲಕ್ಕೆ ಮುಂಚೆ ನಮ್ಮ ತೋಟದಲ್ಲಿ ಮರದ ತುಂಬ ಮಿನುಗುತ್ತವಲ್ಲ, ಅದು. ಅವಳ ಭಾಷೆಯಲ್ಲಿ ಜೋನ್ ಅಂದರೆ ಚಂದ್ರ ಅಂತಲೂ ಅವಳೇ ಹೇಳಿದಳು. ಪುಸ್ತಕದಲ್ಲಿ ಬಾಸ್ಟಿಯನ್ ಇಡುವ ಹೆಸರು ಚಂದ್ರನ ಮಗಳು. ಅದು ಅವಳಿಗೆ ಗೊತ್ತಿರಲಿಲ್ಲ, ನಾನಿನ್ನೂ ಓದಿರಲಿಲ್ಲ. ಎಲ್ಲರೂ ಸೇರಿ ಒಂದೇ ಸಲ ಆ ಹೆಸರನ್ನು ಕೂಗಿದರು, ಹೆಂಚಿನ ಮೇಲಿದ್ದ ಪಾರಿವಾಳ ಹಾರಿಹೋಯಿತು.

ಈ ಶನಿವಾರ ಹದಿಮೂರನೇ ಅಧ್ಯಾಯ. ಹಳೆ ಸಿನಿಮಾ ನಿಂತ ಜಾಗ ಅದು. ಇಲ್ಲಿಂದ ಮುಂದೆ ಅಟ್ಟ ಇಲ್ಲ, ಹುಡುಗ ಪೂರ್ತಿ ಆ ಲೋಕದಲ್ಲೇ ಇರುತ್ತಾನೆ, ಹಾಗಾಗಿ ನಾನು ವಾರವಾರ ನಿಂತೇ ಓದಬೇಕು. ಕುರ್ಚಿಯನ್ನು ಗೋಡೆ ಬದಿಗೆ ಸರಿಸಿಟ್ಟಿದ್ದೇನೆ. ಮತ್ತೆ ಅದರಲ್ಲಿ ಕೂರುವುದು ಪುತ್ತರಿ ಹೊತ್ತಿಗೆ, ಅವನು ಮನೆಗೆ ಬಂದ ಮೇಲೆ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ,
ಮಾದಾಪುರ ಸಮೀಪ, ಕೊಡಗು